ಹಾವಿನ ಪೆಟ್ಟಿಗೆಯಲ್ಲಿ ಕಾವು, ತೇವ ತಪ್ಪಿದಾಗ: ಬಯಲುಸೀಮೆಯ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಎಂಬ ಹೊರದೇಶದ ಹಾವುಗಳನ್ನು ಸಾಕುವವರ ದೂರುಗಳು ಹೆಚ್ಚೂಕಡಿಮೆ ಒಂದೇ ತರಹ ಇರುತ್ತವೆ. ಪೊರೆ ತುಂಡುತುಂಡಾಗಿ ಬರ್ತಿದೆ. ಇಲಿ ಮುಟ್ಟುತ್ತಿಲ್ಲ. ಸದಾ ನೀರಿನ ಬಟ್ಟಲಲ್ಲೇ ಸುತ್ತಿಕೊಂಡಿರುತ್ತದೆ. ಉಸಿರಾಡುವಾಗ ಸದ್ದು ಬರುತ್ತಿದೆ. ಇವುಗಳಲ್ಲಿ ಬಹುಪಾಲು ತೊಂದರೆ ಶುರುವಾಗುವುದು ಹಾವಿನಲ್ಲಲ್ಲ, ಅದು ಇರುವ ಪೆಟ್ಟಿಗೆಯಲ್ಲಿ. ಹಾವಿಗೆ ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲು ಆಗುವುದಿಲ್ಲ. ನಾವು ಕೊಟ್ಟ ಕಾವು, ನಾವು ಕೊಟ್ಟ ತೇವ, ಅಷ್ಟೇ ಅದರ ಪ್ರಪಂಚ.

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆ ಬಹಳಷ್ಟು ಚಳಿ ದೇಶಗಳ ಮನೆಗಳಿಗೆ ಬರೆದದ್ದು. ಅಲ್ಲಿ ವರ್ಷವಿಡೀ ಬಿಸಿ ಮಾಡುವುದೇ ಕೆಲಸ. ದಾವಣಗೆರೆ, ಚಿತ್ರದುರ್ಗದಲ್ಲಿ ಹಾಗಲ್ಲ. ಏಪ್ರಿಲ್‌ನಲ್ಲಿ ಬಿಸಿಲು 38–40 ಡಿಗ್ರಿ ಮುಟ್ಟುವ ದಿನಗಳಿವೆ, ಡಿಸೆಂಬರ್–ಜನವರಿಯ ರಾತ್ರಿ 15ರ ಹತ್ತಿರ ಇಳಿಯುತ್ತದೆ. ಫೆಬ್ರವರಿಯಿಂದ ಮೇವರೆಗೆ ಹವೆ ಒಣಗಿ ತುಟಿ ಒಡೆಯುತ್ತದೆ. ಹಾಗಾಗಿ ಇಲ್ಲಿ ಒಂದೇ ಪೆಟ್ಟಿಗೆಯನ್ನು ಮೂರು ಕಾಲಕ್ಕೆ ಮೂರು ರೀತಿ ನೋಡಿಕೊಳ್ಳಬೇಕು.

ಯಾವ ದೋಷ ಹುಡುಕುವಾಗಲೂ ಒಂದು ಕ್ರಮ ಇರಲಿ: ಮೊದಲು ಮೀಟರ್, ಆಮೇಲೆ ಕಾವು, ಕೊನೆಗೆ ತೇವ. ಮೀಟರ್ ಸುಳ್ಳು ಹೇಳುತ್ತಿದ್ದರೆ ಮುಂದಿನ ಎಲ್ಲ ಕೆಲಸ ವ್ಯರ್ಥ. ಕಾವು ಸರಿಯಾಗದೆ ತೇವ ಸರಿಯಾಗುವುದಿಲ್ಲ. ಹೆಚ್ಚಿನವರು ಇದನ್ನು ತಿರುಗಿಸಿ, ಮೊದಲು ನೀರು ಚಿಮುಕಿಸಲು ಶುರು ಮಾಡುತ್ತಾರೆ.

ಮೊದಲೇ ಹೇಳಬೇಕಾದ ಕಾನೂನಿನ ಮಾತು

ಈ ಬರಹ ಹೊರದೇಶದ ತಳಿಗಳಿಗೆ ಮಾತ್ರ. ಹೆಬ್ಬಾವು, ನಾಗರ, ಕೇರೆ, ಮಣ್ಣುಮುಕ್ಕ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿದು ಮನೆಯಲ್ಲಿಟ್ಟುಕೊಂಡರೆ ಅಪರಾಧ. ಮನೆಯೊಳಗೆ ಅಂಥ ಹಾವು ಬಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಬಾಲ್ ಪೈಥಾನ್ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದ ಸರಿ ಇಲ್ಲದವರು ಹಾವಿಗೆ ಹುಷಾರಿಲ್ಲದಾಗ ವೈದ್ಯರ ಹತ್ತಿರ ಹೋಗಲು ಹೆದರುತ್ತಾರೆ. ಅದರ ಫಲ ಉಣ್ಣುವುದು ಪಾಪ ಆ ಪ್ರಾಣಿ.

ಎಷ್ಟಿರಬೇಕು?

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಹಗಲೆಲ್ಲ ಇಲಿ ಬಿಲ, ಗೆದ್ದಲಿನ ಹುತ್ತದೊಳಗೆ ಇರುವ ಹಾವು. ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಹೀಟರ್, ಇನ್ನೊಂದು ಬದಿ ತಂಪು: ಬೆಚ್ಚಗಿನ ಬದಿಯ ನೆಲ 31–33 ಡಿಗ್ರಿ, ತಂಪು ಬದಿ 25–27. ರಾತ್ರಿ 24ಕ್ಕೆ ಇಳಿದರೆ ಪರವಾಗಿಲ್ಲ, 22ರ ಕೆಳಗೆ ಬೇಡ. ತೇವಾಂಶ ಶೇ. 60–70, ಪೊರೆ ಬಿಡುವ ದಿನಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು. ಅದಕ್ಕೆ ಬೆಚ್ಚಗಿನ ಬದಿ 29–31, ತಂಪು ಬದಿ 23–25, ತೇವಾಂಶ ಶೇ. 40–60 ಸಾಕು. ನಮ್ಮ ಹವೆಗೆ ಇದು ಸುಲಭದ ಹಾವು. ಹೊಸಬರು ಇದರಿಂದಲೇ ಶುರು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಲಕ್ಷಣ ಯಾವುದೇ ಇರಲಿ, ಮೊದಲು ಮೀಟರ್ ಪರೀಕ್ಷಿಸಿ

ಮುಳ್ಳು ತಿರುಗುವ ಗುಂಡನೆಯ ಮೀಟರ್ ಇದ್ದರೆ ಇವತ್ತೇ ತೆಗೆದುಬಿಡಿ. ಅವು ಶೇ. 15–20ರಷ್ಟು ತಪ್ಪು ತೋರಿಸುವುದು ಸಾಮಾನ್ಯ. ತುದಿಯಲ್ಲಿ ವೈರ್ ಇರುವ ಡಿಜಿಟಲ್ ಮೀಟರ್ ಎರಡು ಬೇಕು, ಬದಿಗೊಂದರಂತೆ.

ತೇವದ ಮೀಟರ್ ಪರೀಕ್ಷೆಗೆ ಅಡುಗೆಮನೆಯ ಉಪ್ಪು ಸಾಕು. ಸೋಡಾ ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನಂತೆ ಆಗುವಷ್ಟೇ ನೀರು ಹನಿಸಿ. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳ ಮತ್ತು ಮೀಟರ್ ಎರಡನ್ನೂ ಗಾಳಿ ಆಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ನೆರಳಲ್ಲಿ ಬಿಡಿ. ಬೆಳಿಗ್ಗೆ ಮೀಟರ್ ಶೇ. 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮೀಟರ್ 7 ಕಡಿಮೆ ಹೇಳುತ್ತಿದೆ ಎಂದು ಅದರ ಮೇಲೆಯೇ ಬರೆದಿಡಿ.

ಉಷ್ಣತೆಯ ವೈರ್‌ಗೆ ಐಸ್ ಪರೀಕ್ಷೆ. ಲೋಟದ ತುಂಬ ಪುಡಿ ಮಾಡಿದ ಐಸ್, ಅದು ಮುಳುಗುವಷ್ಟು ನೀರು, ನಡುವೆ ವೈರ್‌ನ ತುದಿ. ಐದು ನಿಮಿಷದಲ್ಲಿ 0 ಹತ್ತಿರ ಬರಬೇಕು. ಒಂದು ಡಿಗ್ರಿ ಆಚೀಚೆ ಆದರೆ ಸರಿ. ನೀರು ಹೋಗದಂಥ ತುದಿ ಇದ್ದರೆ ಮಾತ್ರ ಹೀಗೆ ಮಾಡಿ.

ಇನ್ನು ಮೀಟರ್ ಎಲ್ಲಿದೆ ನೋಡಿ. ಗಾಜಿನ ಗೋಡೆಗೆ, ಕಣ್ಣಿಗೆ ಕಾಣುವ ಎತ್ತರದಲ್ಲಿ ಅಂಟಿಸಿದ್ದರೆ ಅದು ನಿಮಗೆ ಅನುಕೂಲ, ಹಾವಿಗಲ್ಲ. ಹಾವು ಹೊಟ್ಟೆ ಊರುವ ಜಾಗದ ಲೆಕ್ಕ ಬೇಕು: ಬೆಚ್ಚಗಿನ ಬದಿಯಲ್ಲಿ ಹಾವು ಅಡಗಿ ಕೂರುವ ಗೂಡಿನ ಒಳಗೆ, ನೆಲದಲ್ಲಿ. ಪೆಟ್ಟಿಗೆಯ ಒಳಗೆ ಸೆಲೋಟೇಪ್ ಮಾತ್ರ ಬೇಡವೇ ಬೇಡ. ಮೈ ಅಂಟಿಕೊಂಡರೆ ಬಿಡಿಸುವಾಗ ಚರ್ಮ ಕಿತ್ತು ಬರುತ್ತದೆ.

ಪೊರೆ ತುಂಡುತುಂಡಾಗಿ ಬರುತ್ತಿದೆ

ಆರೋಗ್ಯವಾದ ಹಾವು ಮೂತಿಯಿಂದ ಬಾಲದವರೆಗೆ ಒಂದೇ ಪೊರೆ ಬಿಡುತ್ತದೆ. ತುಂಡಾದರೆ ತೇವ ಕಡಿಮೆಯಾಗಿದೆ ಎಂದೇ ಹತ್ತರಲ್ಲಿ ಒಂಬತ್ತು ಸಲ ಅರ್ಥ. ನಮ್ಮ ಕಡೆ ಇದು ಫೆಬ್ರವರಿ–ಮೇ ನಡುವೆ ಜಾಸ್ತಿ.

ಮೊದಲು ಬಂದ ಪೊರೆಯನ್ನು ಎಸೆಯಬೇಡಿ. ಬಿಡಿಸಿ, ಬೆಳಕಿಗೆ ಹಿಡಿದು ಎರಡು ಜಾಗ ನೋಡಿ. ಕಣ್ಣಿನ ಜಾಗದಲ್ಲಿ ಗುಂಡನೆಯ ಪಾರದರ್ಶಕ ಬಿಲ್ಲೆ ಎರಡೂ ಬಂದಿವೆಯೇ? ಬಾಲದ ತುದಿ ಬಂದಿದೆಯೇ? ಬಾಲದಲ್ಲಿ ಹಳೆಯ ಪೊರೆ ಉಂಗುರವಾಗಿ ಉಳಿದರೆ ಒಣಗುತ್ತಾ ಬಿಗಿಯುತ್ತದೆ, ರಕ್ತ ಓಡಾಟ ನಿಂತು ತುದಿ ಕಪ್ಪಾಗಿ ಸಾಯುತ್ತದೆ.

ಉಳಿದ ಪೊರೆಗೆ ಉಪಾಯ ಸರಳ. ಗಾಳಿ ತೂತಿರುವ ಡಬ್ಬಿಯಲ್ಲಿ 28–30 ಡಿಗ್ರಿಯ ನೀರು, ಹಾವಿನ ಮೈಯ ಅರ್ಧ ಎತ್ತರ ಮೀರದಂತೆ. 20–30 ನಿಮಿಷ ಬಿಡಿ, ಅಲ್ಲೇ ಕೂತು ನೋಡುತ್ತಿರಿ. ಆಮೇಲೆ ಒದ್ದೆ ಟವೆಲ್ ಸಡಿಲವಾಗಿ ಹಿಡಿದು ಅದರ ಮೂಲಕ ಹಾವು ತಾನೇ ಹರಿದುಹೋಗಲಿ. ಉಜ್ಜಬೇಡಿ, ಎಳೆಯಬೇಡಿ. ಕಣ್ಣಿನ ಪೊರೆ ಉಳಿದಿದ್ದರೆ ಚಿಮಟ, ಉಗುರು ಹಚ್ಚಲೇಬಾರದು. ತೇವ ಸರಿ ಮಾಡಿ ಮುಂದಿನ ಪೊರೆವರೆಗೆ ಕಾಯಿರಿ. ಆಗಲೂ ಹೋಗದಿದ್ದರೆ ವೈದ್ಯರು.

ಕಣ್ಣು ಹಾಲಿನಂತೆ ನೀಲಿಗಟ್ಟಿದ್ದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಕಾಯಿಲೆ ಅಲ್ಲ, ಪೊರೆ ಬಿಡುವ ಸೂಚನೆ. ಕೆಲವು ದಿನಕ್ಕೆ ಕಣ್ಣು ತಿಳಿಯಾಗುತ್ತದೆ, ಅದಾದ ಮೇಲೆ ಪೊರೆ ಬರುತ್ತದೆ. ಆ ದಿನಗಳಲ್ಲಿ ಎತ್ತಿಕೊಳ್ಳಬೇಡಿ, ಊಟಕ್ಕೆ ಬಲವಂತ ಬೇಡ.

ಎಷ್ಟು ನೀರು ಚಿಮುಕಿಸಿದರೂ ತೇವ ನಿಲ್ಲುತ್ತಿಲ್ಲ

ಬಯಲುಸೀಮೆಯವರ ದೊಡ್ಡ ತಲೆನೋವು ಇದೇ. ಹಾಗಾಗಿ ಕಾರಣ ಮೊದಲು ತಿಳಿಯಬೇಕು. ಗಾಳಿ ಬಿಸಿಯಾದಷ್ಟೂ ಅದು ಹಿಡಿಯಬಲ್ಲ ನೀರು ಜಾಸ್ತಿಯಾಗುತ್ತದೆ. ಮೀಟರ್ ತೋರಿಸುವುದು ಗಾಳಿ ಹಿಡಿಯಬಲ್ಲದ್ದರಲ್ಲಿ ಎಷ್ಟು ಪಾಲು ನೀರಿದೆ ಎಂಬುದನ್ನು. ಕೋಣೆ 20 ಡಿಗ್ರಿ, ತೇವ ಶೇ. 60 ಇದೆ ಅಂದುಕೊಳ್ಳಿ. ಅದೇ ಗಾಳಿಯನ್ನು ಒಂದು ಹನಿ ನೀರೂ ಸೇರಿಸದೆ, ತೆಗೆಯದೆ 32ಕ್ಕೆ ಕಾಯಿಸಿದರೆ ಮೀಟರ್ ಶೇ. 30ರ ಹತ್ತಿರ ಬೀಳುತ್ತದೆ. ಎಂದರೆ ಹೀಟರ್ ಹಾಕಿದಾಗಲೆಲ್ಲ ಪೆಟ್ಟಿಗೆ ಒಣಗುತ್ತದೆ. ಕಾವನ್ನು ಮೊದಲು ಸರಿ ಮಾಡಿ ಎಂದು ಹೇಳಿದ್ದು ಇದಕ್ಕೇ.

ಮೀಟರ್, ಕಾವು ಎರಡೂ ಸರಿ ಇದ್ದರೆ ಮುಚ್ಚಳ ನೋಡಿ. ಜಾಲರಿ ಮುಚ್ಚಳವಿದ್ದರೆ ತೇವವೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಅದರಲ್ಲೂ ಚಿತ್ರದುರ್ಗದಲ್ಲಿ ಜೂನ್–ಆಗಸ್ಟ್‌ನ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದೇ ಅದಕ್ಕೆ. ಮಳೆಗಾಲವಾದರೂ ಕಿಟಕಿ ಎದುರಿಗಿಟ್ಟ ಪೆಟ್ಟಿಗೆ ಅರ್ಧ ದಿನದಲ್ಲಿ ಒಣಗುತ್ತದೆ. ಜಾಲರಿಯ ಮುಕ್ಕಾಲು ಭಾಗವನ್ನು ಅಲ್ಯೂಮಿನಿಯಂ ಫಾಯಿಲ್ ಅಥವಾ ಅಕ್ರಿಲಿಕ್ ಹಾಳೆಯಿಂದ ಮುಚ್ಚಿ. ಹೀಟರ್ ಇರುವ ಜಾಗ ಮಾತ್ರ ತೆರೆದಿರಲಿ, ಅದರ ಹತ್ತಿರ ಪ್ಲಾಸ್ಟಿಕ್ ಬರಬಾರದು. ಖರ್ಚು ಐವತ್ತು ರೂಪಾಯಿ ದಾಟುವುದಿಲ್ಲ, ಪರಿಣಾಮ ಅದೇ ದಿನ ಕಾಣುತ್ತದೆ.

ಮುಂದೆ ನೆಲ. ಪೇಪರ್ ಅಥವಾ ಟಿಶ್ಯೂ ಹಾಸಿದ್ದರೆ ತೇವ ನಿಲ್ಲುವುದೇ ಇಲ್ಲ. ತೆಂಗಿನ ನಾರಿನ ಪುಡಿ ಮತ್ತು ಸಿಪ್ಪೆಯ ಚೂರು ಬೆರೆಸಿ 7–10 ಸೆಂಟಿಮೀಟರ್ ದಪ್ಪ ಹಾಸಿ. ಹೊಸದುರ್ಗದ ತೆಂಗಿನ ಸೀಮೆ ಪಕ್ಕದಲ್ಲೇ ಇರುವಾಗ ಇದಕ್ಕಾಗಿ ದೂರದಿಂದ ದುಬಾರಿ ನಾರಿನ ಇಟ್ಟಿಗೆ ತರಿಸಬೇಕಿಲ್ಲ. ಆದರೆ ನರ್ಸರಿಯಿಂದ ತಂದರೆ ಗೊಬ್ಬರ ಬೆರೆಸಿಲ್ಲ ಅಂತ ಕೇಳಿ ತನ್ನಿ. ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ನೀರಲ್ಲಿ ತೊಳೆದು ಹಿಂಡಿ ಹಾಕಿ.

ಮೇಲಿನಿಂದ ಚಿಮುಕಿಸುವ ನೀರು ಒಂದೆರಡು ಗಂಟೆಯಲ್ಲಿ ಹಾರಿಹೋಗುತ್ತದೆ. ಅದರ ಬದಲು ಮೂಲೆಗಳಲ್ಲಿ ನಿಧಾನಕ್ಕೆ ನೀರು ಸುರಿಯಿರಿ. ಅಡಿಭಾಗ ತೇವ, ಮೇಲ್ಭಾಗ ಒಣ, ಹೀಗಿರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಇಳಿಯಬಾರದು. ಅಗಲ ಬಾಯಿಯ ನೀರಿನ ಬಟ್ಟಲನ್ನು ಬೆಚ್ಚಗಿನ ಬದಿಗೆ ಸರಿಸಿದರೂ ಸ್ವಲ್ಪ ಏರುತ್ತದೆ.

ಇಷ್ಟಾದರೂ ಸಾಲದಿದ್ದರೆ ಇಡೀ ಪೆಟ್ಟಿಗೆಯ ಜೊತೆ ಗುದ್ದಾಡಬೇಡಿ. ಒಂದು ಮುಚ್ಚಳದ ಡಬ್ಬಿಗೆ ಬಾಗಿಲು ಕೊರೆದು, ಒಳಗೆ ಒದ್ದೆ ಸ್ಫ್ಯಾಗ್ನಮ್ ಪಾಚಿ ಇಟ್ಟು ತೇವದ ಗೂಡು ಮಾಡಿಕೊಡಿ. ಏಪ್ರಿಲ್ ತಿಂಗಳಿಗೆ ನಾನು ಎಲ್ಲಕ್ಕಿಂತ ಜಾಸ್ತಿ ನಂಬುವುದು ಇದನ್ನೇ.

ಗಾಜಿನ ಮೇಲೆ ಹನಿ, ಮುಗ್ಗಲು ವಾಸನೆ, ಹೊಟ್ಟೆಯಡಿ ಕೆಂಪು ಕಲೆ

ಇದು ಹಿಂದಿನದರ ತಿರುಗುಮುರುಗು. ತೇವ ಜಾಸ್ತಿ, ಗಾಳಿ ಓಡಾಟ ಕಡಿಮೆ. ಬೆಳಗಿನ ಹೊತ್ತು ತಂಪು ಬದಿಯ ಗಾಜಿನ ಮೇಲೆ ತೆಳ್ಳಗೆ ಮಂಜು ಕಂಡರೆ ಚಿಂತೆ ಇಲ್ಲ. ಮಧ್ಯಾಹ್ನದವರೆಗೂ ಹನಿ ಇಳಿಯುತ್ತಿದ್ದರೆ ಮುಚ್ಚಿದ ಜಾಲರಿಯನ್ನು ಸ್ವಲ್ಪ ತೆರೆಯಿರಿ, ಎರಡು ದಿನ ನೀರು ಹಾಕಬೇಡಿ. ಬಿಳಿ ಬೂಸ್ಟು ಬಂದ ನಾರನ್ನು ಪೂರ್ತಿ ತೆಗೆದು ಬದಲಿಸಿ.

ಹೊಟ್ಟೆಯ ಹುರುಪೆಗಳಲ್ಲಿ ಕೆಂಪು, ಕಂದು ಕಲೆ, ಗುಳ್ಳೆ ಕಂಡರೆ ಚರ್ಮ ಕೊಳೆಯಲು ಶುರುವಾಗಿದೆ. ತಂಪು ಮತ್ತು ಒದ್ದೆ ಎರಡೂ ಸೇರಿದಾಗ ಇದು ಬರುತ್ತದೆ. ತಕ್ಷಣ ಒಣ ಪೇಪರ್ ಮೇಲೆ ಬಿಟ್ಟು ಬೆಚ್ಚಗಿನ ಬದಿ ಸರಿಯಿದೆಯೇ ನೋಡಿ. ಅರಿಸಿನ, ಎಣ್ಣೆ, ಮನೆಯಲ್ಲಿರುವ ಮುಲಾಮು ಹಚ್ಚಬೇಡಿ. ಗುಳ್ಳೆ ಒಡೆದಿದ್ದರೆ ಅಥವಾ ಕಲೆ ಹರಡುತ್ತಿದ್ದರೆ ಮನೆಯಲ್ಲಿ ಕಾಯುವ ಹಂತ ಮುಗಿಯಿತು.

ಸದಾ ನೀರಿನ ಬಟ್ಟಲಲ್ಲೇ ಇರುತ್ತದೆ

ಒಂದು ಬಿಳಿ ಟಿಶ್ಯೂ ತೆಗೆದುಕೊಂಡು ಹಾವಿನ ಗದ್ದದಡಿ, ಕಣ್ಣಿನ ಸುತ್ತ ಮೆಲ್ಲಗೆ ಒತ್ತಿ. ನೀರಿನಲ್ಲೂ ನೋಡಿ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಕಂಡರೆ ಉಣ್ಣಿಯಂಥ ಹುಳ, ಅದಕ್ಕೆ ವೈದ್ಯರ ಔಷಧ ಬೇಕು. ನಾಯಿಗೆ ಹಾಕುವ ಪುಡಿ, ಸ್ಪ್ರೇ ಹಾವಿಗೆ ವಿಷವಾಗಬಹುದು. ಹುಳ ಇಲ್ಲದಿದ್ದರೆ ತಂಪು ಬದಿಯ ಉಷ್ಣತೆ ನೋಡಿ. ಅದು 30 ದಾಟಿದ್ದರೆ ಹಾವು ಸೆಕೆಗೆ ನೀರಿಗಿಳಿದಿದೆ. ಅದೂ ಸರಿಯಿದ್ದು ಕಣ್ಣು ಮಬ್ಬಾಗಿದ್ದರೆ ಪೊರೆಯ ತಯಾರಿ, ಸುಮ್ನೆ ಬಿಡಿ.

ಒಂದೇ ಬದಿಗೆ ಅಂಟಿಕೊಂಡಿದೆ, ಅಥವಾ ರಾತ್ರಿಯೆಲ್ಲ ಗಾಜಿಗೆ ಮೂತಿ ಉಜ್ಜುತ್ತದೆ

ಸದಾ ಬೆಚ್ಚಗಿನ ಬದಿಯಲ್ಲೇ ಇದ್ದರೆ ಪೆಟ್ಟಿಗೆ ಒಟ್ಟಾರೆ ತಣ್ಣಗಿದೆ ಎಂದರ್ಥ. ಸದಾ ತಂಪು ಬದಿಯಲ್ಲಿದ್ದರೆ ಬೆಚ್ಚಗಿನ ಬದಿ ಸುಡುತ್ತಿದೆ. ಆದರೆ ತೀರ್ಮಾನಕ್ಕೆ ಮುಂಚೆ ಎರಡೂ ಬದಿಯಲ್ಲಿ ಒಂದೇ ತರಹದ, ಮೈ ತಾಗುವಷ್ಟು ಇಕ್ಕಟ್ಟಾದ ಗೂಡು ಇದೆಯೇ ನೋಡಿ. ಒಂದೇ ಕಡೆ ಗೂಡಿದ್ದರೆ ಹಾವು ಕಾವನ್ನು ಬಿಟ್ಟು ಅಡಗುವ ಜಾಗವನ್ನೇ ಆರಿಸಿಕೊಳ್ಳುತ್ತದೆ. ಆಗ ಅದರ ನಡವಳಿಕೆ ಉಷ್ಣತೆಯ ಬಗ್ಗೆ ಏನೂ ಹೇಳುವುದಿಲ್ಲ. ಎರಡು ಮಣ್ಣಿನ ಕುಂಡ ಅಡ್ಡ ಮಲಗಿಸಿದರೂ ನಡೆಯುತ್ತದೆ.

ಊಟ ಬಿಟ್ಟಿದೆ, ಅಥವಾ ತಿಂದದ್ದನ್ನು ಕಕ್ಕಿದೆ

ಬಾಲ್ ಪೈಥಾನ್ ಚಳಿಗಾಲದಲ್ಲಿ ವಾರಗಟ್ಟಲೆ ಊಟ ಬಿಡುವುದು ಅದರ ಸ್ವಭಾವ. ತೂಕ ಇಳಿಯದಿದ್ದರೆ ಗಾಬರಿ ಬೇಡ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಹತ್ತರಲ್ಲೊಂದು ಪಾಲು ತೂಕ ಇಳಿದರೆ ವೈದ್ಯರಿಗೆ ತೋರಿಸಿ. ಬೆಚ್ಚಗಿನ ಗೂಡಿನ ನೆಲ 29ರ ಕೆಳಗಿದ್ದರೆ ಮೊದಲು ಅದನ್ನು ಸರಿಪಡಿಸಿ, ವಾರ ಬಿಟ್ಟು ಇಲಿ ಕೊಡಿ.

ಕಕ್ಕುವುದು ಬೇರೆ ಮಾತು. ಹೊಟ್ಟೆಗೆ ಕಾವು ಸಿಗದಿದ್ದರೆ ಇಲಿ ಕರಗುವ ಬದಲು ಒಳಗೇ ಕೊಳೆಯುತ್ತದೆ, ಹಾವು ಹೊರಹಾಕುತ್ತದೆ. ಊಟವಾದ ಎರಡು ದಿನದೊಳಗೆ ಎತ್ತಿ ಆಡಿಸಿದ್ದು, ಇಲಿ ತೀರಾ ದೊಡ್ಡದಿದ್ದದ್ದೂ ಕಾರಣವಾಗಬಹುದು. ಒಮ್ಮೆ ಕಕ್ಕಿದ ಮೇಲೆ 10–14 ದಿನ ಊಟ ಬೇಡ, ನೀರು ಸಾಕು. ಆಮೇಲೆ ಅರ್ಧ ಗಾತ್ರದ ಇಲಿ. ಎರಡನೇ ಸಲವೂ ಕಕ್ಕಿದರೆ ಮನೆಯ ಪ್ರಯೋಗ ನಿಲ್ಲಿಸಿ.

ಥರ್ಮೋಸ್ಟ್ಯಾಟ್ 32 ತೋರಿಸುತ್ತಿದೆ, ಆದರೂ ನೆಲ ಸುಡುತ್ತದೆ ಅಥವಾ ತಣ್ಣಗಿದೆ

ಹೀಟರನ್ನು ತಾನೇ ಆನ್–ಆಫ್ ಮಾಡುವ ಥರ್ಮೋಸ್ಟ್ಯಾಟ್‌ಗೆ ಗೊತ್ತಿರುವುದು ಅದರ ವೈರ್‌ನ ತುದಿ ಎಲ್ಲಿದೆಯೋ ಅಲ್ಲಿನ ಬಿಸಿ ಮಾತ್ರ. ಹಾವು ರಾತ್ರಿ ಓಡಾಡುವಾಗ ತುದಿಯನ್ನು ತಳ್ಳಿ ತಂಪು ಬದಿಗೆ ಹಾಕಿದರೆ, ಅದು ಹೀಟರನ್ನು ಉರಿಸುತ್ತಲೇ ಇರುತ್ತದೆ. ಪೆಟ್ಟಿಗೆಯಡಿ ಹಾಸುವ ಬಿಸಿ ಹಾಳೆ, ಅಂದರೆ ಹೀಟ್ ಮ್ಯಾಟ್ ಇದ್ದರೆ ತುದಿಯನ್ನು ಮ್ಯಾಟ್ ಮತ್ತು ಪೆಟ್ಟಿಗೆಯ ತಳದ ನಡುವೆ, ಹೊರಗೆ ಕೂರಿಸಿ. ಒಳಗಿನ ನೆಲವನ್ನು ಇನ್‌ಫ್ರಾರೆಡ್ ಗನ್‌ನಿಂದ ಅಳೆದು, ಅದು ಬಾಲ್ ಪೈಥಾನ್‌ಗೆ 32, ಕಾರ್ನ್ ಸ್ನೇಕ್‌ಗೆ 30 ಆಗುವಂತೆ ಸೆಟ್ ಮಾಡಿ. ಬಲ್ಬಿನಂತೆ ಹೋಲ್ಡರ್‌ಗೆ ಹಾಕುವ, ಬೆಳಕಿಲ್ಲದ ಸೆರಾಮಿಕ್ ಹೀಟರ್ ಇದ್ದರೆ ತುದಿ ಗೂಡಿನ ಎತ್ತರದಲ್ಲಿ, ಹಾವು ಅಲುಗಾಡಿಸಲಾಗದಂತೆ ಕಟ್ಟಿರಲಿ.

ಮೊಟ್ಟೆ ಮರಿ ಮಾಡಿಸುವವರು ಬಳಸುವ ಎಸ್‌ಟಿಸಿ–1000 ಕಂಟ್ರೋಲರ್ ನಮ್ಮ ಕಡೆಯೂ ಬಳಕೆಯಲ್ಲಿದೆ. ಅದರಲ್ಲಿ ಎಫ್1 ಬೇಕಾದ ಉಷ್ಣತೆ, ಎಫ್2 ಎಷ್ಟು ಡಿಗ್ರಿ ಇಳಿದ ಮೇಲೆ ಮತ್ತೆ ಆನ್ ಆಗಬೇಕು ಎಂಬುದು, ಎಫ್4 ಮೀಟರ್‌ನ ತಪ್ಪು ತಿದ್ದುವುದು. ಐಸ್ ಪರೀಕ್ಷೆಯಲ್ಲಿ ಸಿಕ್ಕ ವ್ಯತ್ಯಾಸವನ್ನು ಎಫ್4ರಲ್ಲಿ ತುಂಬಿ. ಎಫ್2 ತೀರಾ ಜಾಸ್ತಿ ಇಟ್ಟರೆ ಉಷ್ಣತೆ ಏರಿಳಿಯುತ್ತಲೇ ಇರುತ್ತದೆ.

ಈ ಕಂಟ್ರೋಲರ್‌ಗಳ ಒಳಗಿನ ರಿಲೇ ಕೆಲವೊಮ್ಮೆ ಆನ್ ಆದಲ್ಲೇ ಅಂಟಿಕೊಳ್ಳುತ್ತದೆ. ಪರದೆಯಲ್ಲಿ ಉಷ್ಣತೆ ಏರುತ್ತಾ ಹೋಗುತ್ತದೆ, ಹೀಟರ್ ಆಫ್ ಆಗುವುದಿಲ್ಲ. ಹಾಗೆ ಕಂಡರೆ ಪ್ಲಗ್ ಕಿತ್ತು, ಕಂಟ್ರೋಲರ್ ಬದಲಿಸಿ. ರಿಪೇರಿ ಮಾಡಿಸಿ ಮತ್ತೆ ಬಳಸುವುದು ಬೇಡ.

ವಿದ್ಯುತ್ ವಿಷಯದಲ್ಲಿ ರಾಜಿ ಇಲ್ಲ. ಸೆರಾಮಿಕ್ ಹೀಟರ್‌ನ ಮೈ 200 ಡಿಗ್ರಿ ದಾಟುತ್ತದೆ, ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಪಿಂಗಾಣಿ ಹೋಲ್ಡರ್, ಸುತ್ತ ತಂತಿಯ ಗೂಡು ಕಡ್ಡಾಯ. ಪ್ಲಗ್‌ಗೆ ಹೋಗುವ ವೈರ್ ಒಂದು ಕಡೆ ಕೆಳಕ್ಕೆ ಜೋತು ಮೇಲೆ ಹೋಗಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಮುಟ್ಟುವುದಿಲ್ಲ. ನೀರು ಹಾಕುವಾಗ ಸ್ವಿಚ್ ಆಫ್. ಬಿಸಿ ಕಲ್ಲು ಎಂದು ಮಾರುವ ಸಾಮಾನು ಕೊಳ್ಳಲೇಬೇಡಿ. ಹೊಟ್ಟೆ ಸುಡುತ್ತಿದ್ದರೂ ಹಾವು ಎದ್ದುಹೋಗುವುದಿಲ್ಲ, ಗಾಯ ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಏಪ್ರಿಲ್ ಮಧ್ಯಾಹ್ನ: ಹೀಟರ್ ಆಫ್ ಇದ್ದರೂ 35 ದಾಟಿದೆ

ಇದು ಇಲ್ಲಿನ ಹಾವುಗಳಿಗೆ ಚಳಿಗಿಂತ ದೊಡ್ಡ ಅಪಾಯ. ಚಳಿಯಲ್ಲಿ ಒಂದು ರಾತ್ರಿ ತಡೆದುಕೊಳ್ಳುವ ಹಾವು, ತಪ್ಪಿಸಿಕೊಳ್ಳಲು ಜಾಗವಿಲ್ಲದ ಸೆಕೆಯಲ್ಲಿ ಕೆಲವೇ ಗಂಟೆಯಲ್ಲಿ ಸಾಯಬಹುದು. ಮೇಲ್ಮಹಡಿಯ ಆರ್‌ಸಿಸಿ ಕೋಣೆ ಸಂಜೆಗೆ ಮಂಡಕ್ಕಿ ಭಟ್ಟಿಯ ಹಾಗೆ ಕಾಯುತ್ತದೆ. ಮಾರ್ಚ್ ಬರುತ್ತಿದ್ದಂತೆ ಪೆಟ್ಟಿಗೆಯನ್ನು ಕೆಳಮನೆಯ ಉತ್ತರದ ಗೋಡೆಗೆ ಇಳಿಸಿ. ಕಿಟಕಿಯ ಬಿಸಿಲು ಗಾಜಿಗೆ ಬೀಳಬಾರದು.

ನಮ್ಮ ಒಣ ಹವೆಯ ಒಂದು ಲಾಭ ಎಂದರೆ ನೀರಿನ ಏರ್ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಣೆಯ ಉಷ್ಣತೆ ಏಳೆಂಟು ಡಿಗ್ರಿ ಇಳಿಯಬಹುದು, ಜೊತೆಗೆ ತೇವವೂ ಏರುತ್ತದೆ. ಗಾಳಿ ಪೆಟ್ಟಿಗೆಗೆ ನೇರ ಬಡಿಯದಿರಲಿ, ಕಿಟಕಿ ಸ್ವಲ್ಪ ತೆರೆದಿರಲಿ. ಕರೆಂಟ್ ಇಲ್ಲದಾಗ ಐಸ್ ಕಟ್ಟಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಹೊರಗೆ, ತಂಪು ಬದಿಗೆ ಒರಗಿಸಿ.

ಹಾವು ಬಾಯಿ ತೆರೆದು ಹುಚ್ಚು ಹಿಡಿದಂತೆ ಓಡಾಡುತ್ತಿದ್ದರೆ, ಅಥವಾ ಮೈ ಸಡಿಲವಾಗಿ ತಿರುಗಿ ಬೀಳುತ್ತಿದ್ದರೆ ಸೆಕೆ ಹೊಡೆದಿದೆ. ತಂಪು ಕೋಣೆಗೆ ಒಯ್ದು, ತಲೆ ಮೇಲಿರುವಂತೆ ಕೊಡದ ಸಾಮಾನ್ಯ ನೀರಿನಲ್ಲಿಡಿ. ಐಸ್ ನೀರು ಬೇಡ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಿ.

ಚಳಿಗಾಲದ ರಾತ್ರಿ ಕರೆಂಟ್ ಹೋದರೆ

ಹೀಟ್ ಮ್ಯಾಟ್ 20–40 ವ್ಯಾಟ್ ಅಷ್ಟೇ, ಮನೆಯ ಇನ್ವರ್ಟರ್‌ಗೆ ಭಾರವಲ್ಲ. 100 ವ್ಯಾಟ್‌ನ ಸೆರಾಮಿಕ್ ಹೀಟರ್ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ. ಹಾಗಾಗಿ ಮ್ಯಾಟ್ ಮಾತ್ರ ಇನ್ವರ್ಟರ್ ಸಾಲಿಗೆ ಹಾಕಿಸಿ. ಇನ್ವರ್ಟರ್ ಇಲ್ಲದವರು ಗಾಳಿ ತೂತು ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದೆಸಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಹೊರಬದಿಗೆ ಒರಗಿಸಿ. ಮೂರು ಬದಿಗೆ ಥರ್ಮಾಕೋಲ್ ಹಾಳೆ ಮೊದಲೇ ಅಂಟಿಸಿಟ್ಟರೆ ಕಾವು ಗಂಟೆಗಟ್ಟಲೆ ಉಳಿಯುತ್ತದೆ. ಕೆಂಡದ ಅಗ್ಗಿಷ್ಟಿಕೆ ಮುಚ್ಚಿದ ಕೋಣೆಗೆ ತರಬೇಡಿ. ಅದರ ಹೊಗೆ ಹಾವಿಗಷ್ಟೇ ಅಲ್ಲ, ಮಲಗಿದ ಮನೆಯವರಿಗೂ ಪ್ರಾಣಾಪಾಯ.

ಉಸಿರಾಡುವಾಗ ಸಿಳ್ಳೆ, ಮೂಗಲ್ಲಿ ಗುಳ್ಳೆ

ಇಲ್ಲಿ ಸರಳದಿಂದ ಕಷ್ಟಕ್ಕೆ ಹೋಗುವ ಕ್ರಮವಿಲ್ಲ. ಪೊರೆ ಬಿಡುವ ಮುಂಚೆ ಒಂದೆರಡು ದಿನ ಮೂಗಿನಲ್ಲಿ ಸಣ್ಣ ಸಿಳ್ಳೆ ಕೇಳಬಹುದು, ಪೊರೆ ಹೋದ ಮೇಲೆ ನಿಲ್ಲುತ್ತದೆ. ಅದನ್ನು ಬಿಟ್ಟರೆ, ಮೂಗು ಬಾಯಲ್ಲಿ ಗುಳ್ಳೆ, ಲೋಳೆ, ಬಾಯಿ ತೆರೆದು ಉಸಿರಾಟ, ತಲೆಯನ್ನು ಮೇಲಕ್ಕೆತ್ತಿ ಹಿಡಿಯುವುದು ಇವೆಲ್ಲ ಶ್ವಾಸಕೋಶದ ಸೋಂಕಿನ ಗುರುತು. ಹಾವು ಕೆಮ್ಮಲಾರದು, ಕಫ ತಾನಾಗಿ ಹೊರಬರುವುದಿಲ್ಲ. ಸಾಂಬ್ರಾಣಿ, ಸೊಳ್ಳೆಬತ್ತಿಯ ಹೊಗೆ ಆ ಕೋಣೆಯಿಂದ ಇವತ್ತೇ ದೂರವಿರಲಿ. ತಂಪು ಬದಿ 26–27ಕ್ಕೆ ಏರಿಸಿ, ವೈದ್ಯರಿಗೆ ಫೋನ್ ಮಾಡಿ. ಮನುಷ್ಯರ ಆಂಟಿಬಯಾಟಿಕ್ ಅಂದಾಜಿನಲ್ಲಿ ಕೊಡಬೇಡಿ.

ಹಾವು ನೋಡುವ ವೈದ್ಯರು ಎಲ್ಲ ಊರಲ್ಲೂ ಇರುವುದಿಲ್ಲ. ಹುಷಾರಾಗಿರುವಾಗಲೇ ಹುಡುಕಿಟ್ಟುಕೊಳ್ಳಿ. ಮೊದಲು ಜಿಲ್ಲಾ ಪಶು ಆಸ್ಪತ್ರೆಯಲ್ಲಿ ಕೇಳಿ, ಆಮೇಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು, ಕೊನೆಗೆ ಬೆಂಗಳೂರು. ಸಾಗಿಸುವಾಗ ಹತ್ತಿಯ ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಗಾಳಿ ತೂತಿರುವ ಥರ್ಮಾಕೋಲ್ ಡಬ್ಬಿಯಲ್ಲಿಡಿ. ಹಿಂದಿನ ಎರಡು ವಾರದ ಉಷ್ಣತೆ, ತೇವ, ತೂಕ, ಊಟದ ಲೆಕ್ಕ ಬರೆದ ಚೀಟಿ, ಪೆಟ್ಟಿಗೆಯ ಫೋಟೊ, ನೋಂದಣಿ ಕಾಗದದ ಪ್ರತಿ ಜೊತೆಗಿರಲಿ. ಹಾವನ್ನು, ಪೆಟ್ಟಿಗೆಯನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಮಕ್ಕಳಿಗೂ ತೊಳೆಸಿ.